ಅಧ್ಯಕ್ಷೆಯಾಗಿ ನನಗೇನು ಸಿಕ್ಕಿತು?



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಹಸು-ಕರುಗಳ ವಿಷಯ. ಈ ಸಲ ಹಸು ಸಾಕುವವರ ವಿಷಯ. ಅದಕ್ಕೆ ಕಾರಣ ಮಹಿಳಾ ಸಂಘವೊಂದರ ಅಧ್ಯಕ್ಷೆ ನನ್ನನ್ನು ಕೇಳಿದ ಪ್ರಶ್ನೆ.

ಅವರ ಹಸುವಿನ ಗರ್ಭ ಪರೀಕ್ಷೆ ಮಾಡಿ ಕೈ ತೊಳೆಯುತ್ತಿದ್ದೆ. ಚೊಂಬಿನಲ್ಲಿ ನೀರು ಹಾಕುತ್ತಲೇ ಅವರು ಹೇಳಿದರು: “ಮುಂದಿನ ಸಲ ನಾನು ಎಲೆಕ್ಷನ್ನಿಗೆ ನಿಲ್ಲಲ್ಲ ಮೇಡಂ. ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಓಡಬೇಕು. ಫ್ಯಾಟು ಕಮ್ಮಿ ಬಂದ್ರೂ ನನ್ನೇ ಬೈತಾರೆ, ಫೀಡು ಬರದಿದ್ರೂ ನನ್ನೇ ಬೈತಾರೆ. ಅಧ್ಯಕ್ಷೆಯಾಗಿ ನನಗೇನು ಸಿಕ್ತು?”

ಆಗ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನನ್ನ ತಪ್ಪು

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಷ್ಟದ ಹೆರಿಗೆಗೆ ಕರೆ ಬಂದು ನಾನು ಹೋದರೆ, “ದೊಡ್ಡ ಡಾಕ್ಟ್ರು ಬರಲಿಲ್ವಾ?” ಎಂದು ಜನ ನನ್ನ ಹಿಂದೆ ಇಣುಕಿ ನೋಡುತ್ತಿದ್ದರು. ಕರು ಹೊರಗೆ ಬರುವವರೆಗೂ ನನ್ನನ್ನು ಡಾಕ್ಟರ್ ಎಂದು ಯಾರೂ ನಂಬುತ್ತಿರಲಿಲ್ಲ. ಆ ನೋವು ನನಗೆ ಗೊತ್ತಿತ್ತು. ಆದರೂ ಒಂದು ಮಹಿಳಾ ಸಂಘಕ್ಕೆ ಹೋದಾಗ, ಕುರ್ಚಿಯಲ್ಲಿ ಕುಳಿತಿದ್ದ ಅಧ್ಯಕ್ಷೆಯನ್ನೇ ನಾನು ಕೇಳಿದೆ: “ಯಜಮಾನ್ರು ಇಲ್ವಾ? ಲಸಿಕೆ ವಿಷಯ ಮಾತಾಡಬೇಕಿತ್ತು.” ಆಕೆ ಏನೂ ಅನ್ನಲಿಲ್ಲ. ಎದ್ದು ಹೋಗಿ ಗಂಡನನ್ನು ಕರೆದುಕೊಂಡು ಬಂದರು.

ಕಾಗದದಲ್ಲಿ ಹೆಸರು ಒಬ್ಬರದು, ಮಾತು ಇನ್ನೊಬ್ಬರದು ಆದರೆ ಆ ಹುದ್ದೆಯಲ್ಲಿ ಯಾರಿಗೆ ತಾನೇ ತೃಪ್ತಿ ಸಿಕ್ಕೀತು? ಬೈಗುಳವಷ್ಟೇ ನಿಮ್ಮ ಪಾಲಿಗೆ, ತೀರ್ಮಾನ ಬೇರೆಯವರ ಪಾಲಿಗೆ! ಎಷ್ಟೋ ಅಧ್ಯಕ್ಷೆಯರ ಬೇಸರದ ಮೂಲ ಇಲ್ಲಿದೆ. ಕೆಲಸ ಹೆಚ್ಚಾಗಿ ಬೇಸರವಾಗುವುದಕ್ಕಿಂತ, ಮಾಡಿದ ಕೆಲಸ ತಮ್ಮದು ಅನ್ನಿಸದೆ ಆಗುವ ಬೇಸರ ದೊಡ್ಡದು.

ಮಹಿಳೆಯರಿಗೇ ಪ್ರತ್ಯೇಕ ಹಾಲಿನ ಸಂಘಗಳು ಹುಟ್ಟಿದ್ದು ಇದನ್ನು ಸರಿಪಡಿಸಲು. ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ ‘ಸ್ಟೆಪ್’ ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲೂ ಅನೇಕ ಮಹಿಳಾ ಸಂಘಗಳು ನಡೆದುಬಂದವು. ಹಸುವಿನ ಮೈ ತೊಳೆಯುವವಳು, ಮೇವು ಹಾಕುವವಳು, ಹಾಲು ಕರೆಯುವವಳು ಹೆಣ್ಣುಮಗಳಾದರೆ ಲೆಕ್ಕದ ಪುಸ್ತಕವೂ ಅವಳ ಕೈಯಲ್ಲಿರಲಿ ಎಂಬುದು ಅದರ ಆಶಯ.

ಒಂದು ಬೆಳಗಿನ ಘಟನೆ

ಇನ್ನೊಂದು ಊರಿನ ಸಂಘದಲ್ಲಿ ನಡೆದದ್ದು. ಬೆಳಗಿನ ಹಾಲು ಅಳೆಯುವ ಹೊತ್ತು. ಸಾಲಿನಲ್ಲಿ ಬಂದ ಒಂದು ಕ್ಯಾನಿನ ಹಾಲಿನಲ್ಲಿ ಮೊಸರಿನ ಗರಣೆಯಂತಹ ಸಣ್ಣ ಚೂರುಗಳು ಕಂಡವು. ಹಾಲು ಪರೀಕ್ಷೆ ಮಾಡುವ ಹುಡುಗಿ ಗಾಬರಿಯಾದಳು. ಅದು ಅಧ್ಯಕ್ಷೆಯ ಮನೆಯ ಹಾಲು! ಹಿಂದಿನ ವಾರವಷ್ಟೇ ಬಡ ಸದಸ್ಯೆಯೊಬ್ಬರ ಹಾಲನ್ನು ಇದೇ ಕಾರಣಕ್ಕೆ ವಾಪಸ್ ಕಳಿಸಿದ್ದರು. ಆ ಸದಸ್ಯೆಯೂ ಸಾಲಿನಲ್ಲಿ ನಿಂತಿದ್ದರು. ಯಾರೂ ಮಾತಾಡಲಿಲ್ಲ.

ಅಧ್ಯಕ್ಷೆ ತಾವೇ ಮುಂದೆ ಬಂದು, “ವಾಪಸ್ ಅಂತ ಬರಿಯಮ್ಮ” ಎಂದು ಕ್ಯಾನನ್ನು ಪಕ್ಕಕ್ಕೆ ಇಟ್ಟರು. ಮನೆಯಲ್ಲಿ ಅತ್ತೆಯವರಿಂದ, “ಅಧ್ಯಕ್ಷೆಯಾಗಿ ಮನೆ ಹಾಲೇ ಚೆಲ್ಲಿದಳು” ಎಂಬ ಮಾತೂ ಬಂತಂತೆ.

ಅವರು ಅಷ್ಟಕ್ಕೇ ಬಿಡಲಿಲ್ಲ. ಮಧ್ಯಾಹ್ನವೇ ನನಗೆ ಫೋನ್ ಮಾಡಿ, “ಮೇಡಂ, ಈ ಕೆಚ್ಚಲು ಬಾವಿನ ಬಗ್ಗೆ ನಮ್ಮೆಲ್ಲರಿಗೂ ಹೇಳಿಕೊಡಿ” ಎಂದರು. ಮರುವಾರ ಡೇರಿಯ ಜಗಲಿಯ ಮೇಲೆ ಪಾಠ ಮಾಡಿದೆವು. ಕರೆಯುವ ಮುಂಚೆ ಪ್ರತಿ ಮೊಲೆಯಿಂದ ಮೊದಲ ಒಂದೆರಡು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡುವುದು, ಬಾವು ಇರುವ ಹಸುವನ್ನು ಕೊನೆಗೆ ಕರೆಯುವುದು, ಕರೆದ ಮೇಲೆ ಮೊಲೆಗಳನ್ನು ಔಷಧಿ ದ್ರಾವಣದಲ್ಲಿ ಅದ್ದುವುದು, ಅರ್ಧ ಗಂಟೆ ಮಲಗದಂತೆ ಮೇವು ಹಾಕಿ ನಿಲ್ಲಿಸುವುದು. ಕರೆದ ತಕ್ಷಣ ಮೊಲೆತೂತು ತೆರೆದೇ ಇರುತ್ತದೆ. ಹಸು ಸಗಣಿಯಲ್ಲಿ ಮಲಗಿದರೆ ರೋಗಾಣು ಒಳಗೆ ಹೋಗುತ್ತದೆ. ಚಿಕಿತ್ಸೆ ನಡೆಯುವಾಗಲೂ, ಮುಗಿದ ಮೇಲೆ ವೈದ್ಯರು ಹೇಳಿದಷ್ಟು ದಿನವೂ ಆ ಹಾಲನ್ನು ಡೇರಿಗೆ ಹಾಕಬಾರದು.

ಪಾಠ ಮುಗಿದಾಗ ಹಾಲು ವಾಪಸ್ ಆಗಿದ್ದ ಆ ಸದಸ್ಯೆಯೇ ಎದ್ದು, ಲೋಟಕ್ಕೆ ಬಟ್ಟೆ ಕಟ್ಟುವುದನ್ನು ಉಳಿದವರಿಗೆ ತೋರಿಸಿಕೊಟ್ಟರು. ಅಧ್ಯಕ್ಷೆ ನನ್ನ ಕಿವಿಯಲ್ಲಿ, “ಹಾರ ಹಾಕಿದ ದಿನವೂ ನನಗೆ ಇಷ್ಟು ಸಂತೋಷ ಆಗಿರಲಿಲ್ಲ” ಅಂದರು.

ಇದರಿಂದ ಕಲಿಯುವುದೇನು?

1. ತೃಪ್ತಿ ಕುರ್ಚಿಯಿಂದ ಬರುವುದಿಲ್ಲ, ನಿಮ್ಮ ಸ್ವಂತ ತೀರ್ಮಾನದಿಂದ ಬರುತ್ತದೆ. ಆದ್ದರಿಂದ ಓದದೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಮಗಳಿಂದಲೋ ಕಾರ್ಯದರ್ಶಿಯಿಂದಲೋ ಗಟ್ಟಿಯಾಗಿ ಓದಿಸಿ. ಅರ್ಥವಾಗುವವರೆಗೆ ಕೇಳಿ. ಕೇಳುವುದು ಅವಮಾನವಲ್ಲ.

2. ನಿಯಮ ಮೊದಲು ನಿಮ್ಮ ಮನೆಗೆ ಅನ್ವಯವಾಗಲಿ. ಸಹಕಾರ ಸಂಘದಲ್ಲಿ ಹತ್ತು ಹಸು ಇರುವವರಿಗೂ ಒಂದೇ ಓಟು, ಒಂದು ಹಸು ಇರುವವರಿಗೂ ಒಂದೇ ಓಟು. ಅಳತೆಯೂ ಹಾಗೆಯೇ ಒಂದೇ ಆಗಿರಬೇಕು. ಅಂದು ಒಂದು ಹೊತ್ತಿನ ಹಾಲು ಹೋಯಿತು, ಆದರೆ ಆ ಮೇಲೆ ಅಧ್ಯಕ್ಷೆಯ ಮಾತನ್ನು ಯಾರೂ ತೆಗೆದುಹಾಕಲಿಲ್ಲ.

3. ನಿಮಗೆ ಚೆನ್ನಾಗಿ ಬರುವ ಒಂದು ಕೆಲಸವನ್ನು ಕೈಗೆತ್ತಿಕೊಳ್ಳಿ. ಕರು ಸಾಕುವುದೋ, ಹಸಿರು ಮೇವು ಬೆಳೆಯುವುದೋ, ಲೆಕ್ಕವೋ. ವರ್ಷದ ಕೊನೆಯಲ್ಲಿ “ಇದು ನನ್ನ ಅವಧಿಯಲ್ಲಿ ಆಯಿತು” ಎಂದು ತೋರಿಸಲು ಒಂದು ಕೆಲಸ ಇದ್ದರೆ ಸಾಕು.

4. ಎಲ್ಲವನ್ನೂ ಒಬ್ಬರೇ ಹೊರಬೇಡಿ. ಫೀಡಿನ ಜವಾಬ್ದಾರಿ ಒಬ್ಬ ನಿರ್ದೇಶಕಿಗೆ, ಲಸಿಕೆ ದಿನದ ಜವಾಬ್ದಾರಿ ಇನ್ನೊಬ್ಬರಿಗೆ ಕೊಡಿ. ಮನೆಯಲ್ಲೂ ಹಾಗೆಯೇ. ಸಭೆಯ ದಿನ ಸಂಜೆ ಹಾಲು ಕರೆಯುವ ಕೆಲಸ ಬೇರೆಯವರದು ಎಂದು ಮೊದಲೇ ಮಾತಾಡಿಕೊಳ್ಳಿ. ದಣಿದ ಮೈಯಲ್ಲಿ ತೃಪ್ತಿ ನಿಲ್ಲುವುದಿಲ್ಲ.

ಮಾಡಿ ನೋಡಿ

ಮುಂದಿನ ಆಡಳಿತ ಮಂಡಳಿ ಸಭೆಗೆ ಮುಂಚೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಈ ತಿಂಗಳು ನಾನೇ ಯೋಚಿಸಿ ತೆಗೆದುಕೊಂಡ ತೀರ್ಮಾನ ಯಾವುದು? ಅದರಿಂದ ಯಾವ ಸದಸ್ಯೆಗೆ ಉಪಯೋಗವಾಯಿತು? ನಾನು ಯಾರಿಗೆ ಏನು ಕಲಿಸಿದೆ? ಮೊದಲ ಸಾಲು ಖಾಲಿ ಇದ್ದರೆ ಬೇಸರ ಬೇಡ, ಮುಂದಿನ ತಿಂಗಳು ಅಲ್ಲಿಂದಲೇ ಶುರು ಮಾಡಿ.

ಚೊಂಬಿನಲ್ಲಿ ನೀರು ಹಾಕಿ ನನ್ನನ್ನು ಪ್ರಶ್ನೆ ಕೇಳಿದ ಅಧ್ಯಕ್ಷೆಗೂ ಇದನ್ನೇ ಹೇಳಿದೆ. “ನೋಡೋಣ ಮೇಡಂ” ಅಂದರು. ಮುಂದಿನ ಸಲ ನಿಲ್ಲುತ್ತಾರೋ ಇಲ್ಲವೋ, ಅದು ಅವರ ತೀರ್ಮಾನ. ಆದರೆ ಮೊನ್ನೆ ಅವರಿಂದ ಫೋನ್ ಬಂತು: “ಆ ಕಪ್ಪು ಬಟ್ಟೆ ಲೋಟದ ಪಾಠ ನಮ್ಮ ಡೇರಿಯಲ್ಲೂ ಮಾಡಬೇಕು. ದಿನ ನಾನೇ ಗೊತ್ತು ಮಾಡಿದ್ದೀನಿ, ನೀವು ಬನ್ನಿ.”

ಈ ಸಲ ನಾನು ಯಜಮಾನರನ್ನು ಕೇಳಲಿಲ್ಲ. “ಎಷ್ಟು ಗಂಟೆಗೆ ಬರಲಿ ಅಧ್ಯಕ್ಷರೇ?” ಎಂದೆ.

— ನಿಮ್ಮ ಪಶುವೈದ್ಯಾಧಿಕಾರಿ