ಯೋಗ್ಯ ಮಧ್ಯವರ್ತಿ

ಅನ್ನ, ವಸ್ತ್ರ, ವಸತಿ ಇವು ಮನುಷ್ಯನ ಮೂರು ಮುಖ್ಯ ಅಗತ್ಯಗಳು. ಇವುಗಳಲ್ಲಿ ವಸತಿಗಾಗಿ ಅವನು ಪಡುವ ಶ್ರಮ ದೀರ್ಘವಾದುದು. ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಅದನ್ನು ತಟ್ಟಿ ನೋಡುತ್ತಾಳೆ. ನಾದ ಕೆಟ್ಟಿದ್ದರೆ ಬೇರೊಂದನ್ನು ಆರಿಸಿಕೊಳ್ಳುತ್ತಾಳೆ. ಆದರೆ ನಿವೇಶನವನ್ನು ಹಾಗೆ ತಟ್ಟಿ ನೋಡಲಾಗದು. ಅದರ ಒಡಕು ಮಣ್ಣಿನಲ್ಲಿ ಕಾಣುವುದಿಲ್ಲ, ಕಾಗದಪತ್ರಗಳಲ್ಲಿ ಅಡಗಿರುತ್ತದೆ.

ಮೂವತ್ತು ವರ್ಷ ದುಡಿದು ಕೂಡಿಟ್ಟ ಹಣದೊಡನೆ ಬೆಂಗಳೂರಿನಲ್ಲಿ ನಿವೇಶನವನ್ನು ಅರಸುವ ಕಾರ್ಮಿಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಮಾರುವವನ ಪರಿಚಯ ಅವನಿಗಿಲ್ಲ. ಆ ಪ್ರದೇಶದ ಬೆಲೆ ತಿಳಿಯದು. ಖಾತೆ, ಭೂಪರಿವರ್ತನೆ, ಋಣಭಾರ ಎಂಬ ಮಾತುಗಳೂ ಹೊಸವು. ಇಂಥವನಿಗೂ ಮಾರುವವನಿಗೂ ನಡುವೆ ನಿಂತು ವ್ಯವಹಾರವನ್ನು ಕುದುರಿಸುವವನೇ ಮಧ್ಯವರ್ತಿ. ಆಡುಮಾತಿನಲ್ಲಿ ಅವನು ದಲ್ಲಾಳಿ. ಇಂದಿನ ಬಳಕೆಯಲ್ಲಿ ರಿಯಲ್ ಎಸ್ಟೇಟ್ ಏಜೆಂಟ್. ಅವನು ಯೋಗ್ಯನಾಗಿದ್ದರೆ ಆ ಕುಟುಂಬಕ್ಕೆ ಒಂದು ಸೂರು ದೊರೆಯುತ್ತದೆ. ಅಯೋಗ್ಯನಾಗಿದ್ದರೆ ಅದರ ಜೀವಮಾನದ ಗಳಿಕೆ ನ್ಯಾಯಾಲಯದ ಮೆಟ್ಟಿಲುಗಳ ಮೇಲೆ ಕರಗಿಹೋಗುತ್ತದೆ.

ಹಿಂದೆ ಈ ವೃತ್ತಿಗೆ ಯಾರು ಬೇಕಾದರೂ ಇಳಿಯಬಹುದಾಗಿತ್ತು. 2016ರಲ್ಲಿ ಸಂಸತ್ತು ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮವನ್ನು ಅಂಗೀಕರಿಸಿತು. ಅದರ ಪ್ರಕಾರ, ನೋಂದಾಯಿತ ಯೋಜನೆಯೊಂದರ ನಿವೇಶನವನ್ನಾಗಲಿ ಮನೆಯನ್ನಾಗಲಿ ಮಾರಿಸಲು ಮಧ್ಯವರ್ತಿಯೂ ನೋಂದಣಿ ಪಡೆದಿರಬೇಕು. ನಮ್ಮ ರಾಜ್ಯದಲ್ಲಿ ಈ ನೋಂದಣಿಯನ್ನು ನೀಡುವುದು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ಮಧ್ಯವರ್ತಿಯು ತನ್ನ ನೋಂದಣಿ ಸಂಖ್ಯೆಯನ್ನು ಪ್ರತಿಯೊಂದು ಮಾರಾಟದಲ್ಲಿಯೂ ನಮೂದಿಸಬೇಕು, ಲೆಕ್ಕಪತ್ರಗಳನ್ನು ಇಡಬೇಕು, ಕೊಳ್ಳುವವನಿಗೆ ಸಲ್ಲಬೇಕಾದ ಮಾಹಿತಿ, ದಾಖಲೆಗಳು ದೊರೆಯುವಂತೆ ಮಾಡಬೇಕು. ತಪ್ಪಿದರೆ ದಿನವೊಂದಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇಕಡಾ 5ರವರೆಗೆ ದಂಡ ಬೀಳಬಹುದು. ಆದ್ದರಿಂದ ಮೊದಲು ಕೇಳಬೇಕಾದುದು ಈ ಸಂಖ್ಯೆಯನ್ನು. ಅದನ್ನು ಪ್ರಾಧಿಕಾರದ ಜಾಲತಾಣದಲ್ಲಿ ತಾಳೆ ನೋಡುವುದು ಕಷ್ಟವಲ್ಲ.

ಆದರೆ ನೋಂದಣಿ ಒಂದು ಹೊಸ್ತಿಲು ಮಾತ್ರ. ಒಬ್ಬರು ವಾಸವಿದ್ದ ಹಳೆಯ ಮನೆಯನ್ನು ಮತ್ತೊಬ್ಬರಿಗೆ ಕೊಡಿಸುವಂತಹ ವ್ಯವಹಾರಗಳಿಗೆ ಈ ನಿಯಮ ಸಾಮಾನ್ಯವಾಗಿ ತಾಕುವುದಿಲ್ಲ. ಅಲ್ಲಿ 1872ರ ಭಾರತೀಯ ಕರಾರು ಅಧಿನಿಯಮದ ಹಳೆಯ ತತ್ತ್ವವೇ ಆಧಾರ: ಯಾರ ಪರವಾಗಿ ಏಜೆಂಟನು ಕೆಲಸ ಮಾಡುವನೋ ಅವರಿಗೆ ಅವನು ಲೆಕ್ಕ ಒಪ್ಪಿಸಬೇಕು, ಅವರಿಗೆ ತಿಳಿಸದೆ ಆ ವ್ಯವಹಾರದಲ್ಲಿ ತನ್ನ ಸ್ವಂತ ಲಾಭವನ್ನು ಸಾಧಿಸಬಾರದು. ಹೀಗಾಗಿ ಎರಡನೆಯ ಪ್ರಶ್ನೆ: ಅವನು ಯಾರ ಪರ? ದಲ್ಲಾಳಿಯ ಹಣ ಸಾಮಾನ್ಯವಾಗಿ ಬೆಲೆಯ ಶೇಕಡಾ ಲೆಕ್ಕದಲ್ಲಿರುತ್ತದೆ. ವ್ಯವಹಾರ ಮುಗಿದಾಗಲೇ ಕೈ ಸೇರುತ್ತದೆ. ಬೆಲೆ ಏರಿದಷ್ಟೂ ಅವನಿಗೆ ಲಾಭ, ಕೊಳ್ಳುವವನಿಗೆ ನಷ್ಟ. ಯಾರಿಂದ ಎಷ್ಟು ಪಡೆಯುವನೆಂಬುದನ್ನು ಮೊದಲೇ ಬರಹದಲ್ಲಿ ಒಪ್ಪಿಕೊಳ್ಳುವವನು ಮೇಲು.

ಮೂರನೆಯದು ಅವನು ದಾಖಲೆಗಳನ್ನು ಕಾಣುವ ರೀತಿ. ಮೂಲ ಕ್ರಯಪತ್ರ, ಖಾತೆ, ಭೂಪರಿವರ್ತನೆಯ ಆದೇಶ, ನಕ್ಷೆಯ ಮಂಜೂರಾತಿ, ಕಂದಾಯದ ರಸೀದಿ, ಋಣಭಾರ ಪ್ರಮಾಣಪತ್ರ ಇವನ್ನು ಅವನು ತಾನಾಗಿ ಮುಂದಿಡುತ್ತಾನೆ. ಋಣಭಾರ ಪ್ರಮಾಣಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ, ಉಳಿದವನ್ನು ಬೇರೆಯಾಗಿ ವಿಚಾರಿಸಬೇಕು ಎಂದು ಎಚ್ಚರಿಸುತ್ತಾನೆ. ವಕೀಲರಿಗೆ ತೋರಿಸಿ ಎನ್ನುತ್ತಾನೆ. "ನಾಳೆ ಬೆಲೆ ಏರುತ್ತದೆ, ಇಂದೇ ಮುಂಗಡ ಕೊಡಿ" ಎಂದು ಅವಸರಪಡಿಸುವವನ ಮಾತು ಸವಿಯಾಗಿದ್ದರೂ ನಂಬಿಕೆಗೆ ಅರ್ಹವಲ್ಲ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡವನ್ನು ಯೋಜನೆಯ ಪ್ರವರ್ತಕನು ಪಡೆಯಬಾರದೆಂದು 2016ರ ಅಧಿನಿಯಮವೇ ವಿಧಿಸಿದೆ.

ಪರೀಕ್ಷಿಸಿ ನೋಡುವುದು ಅಪನಂಬಿಕೆಯ ಲಕ್ಷಣವೆಂದು ಕೆಲವರು ಸಂಕೋಚಪಡುತ್ತಾರೆ. ಅದು ಸರಿಯಲ್ಲ. ಚಿನಿವಾರನು ಒರೆಗಲ್ಲಿಗೆ ಉಜ್ಜಿದರೆ ಅಪರಂಜಿಗೆ ಅವಮಾನವಿಲ್ಲ. ಪ್ರಾಮಾಣಿಕನಾದ ಮಧ್ಯವರ್ತಿಯು ಪ್ರಶ್ನೆಗೆ ಮುನಿಯುವುದಿಲ್ಲ. ಉತ್ತರಕ್ಕೆ ಬೇಕಾದ ಕಾಲಾವಕಾಶವನ್ನೂ ಕಾಗದಗಳನ್ನೂ ಕೊಡುತ್ತಾನೆ. ಮನೆಯ ಹಿರಿಯರು ಇಂತಹ ವ್ಯವಹಾರಕ್ಕೆ ಕುಳಿತಾಗ, ಓದು ಬಲ್ಲ ಮಕ್ಕಳು ಆ ಕಾಗದಗಳನ್ನು ಗಟ್ಟಿಯಾಗಿ ಓದಿ ಹೇಳಿದರೆ ಅದೂ ಒಂದು ದೊಡ್ಡ ಉಪಕಾರವೇ.