ಗೋಡೆಗೇರುವ ಫೋಟೋ: ಕ್ಯಾನ್ವಾಸ್ ಮುದ್ರಣದ ಹಿಂದಿನ ಲೆಕ್ಕ



ಕೆಲವು ಮನೆಗಳಲ್ಲಿ ಅಜ್ಜಿಯ ಫೋಟೋ ಅಂತ ಇರೋದು ಒಂದೇ ಒಂದು. ಅದೂ ಯಾವುದೋ ಮದುವೆಯ ಗುಂಪಿನಲ್ಲಿ, ಮೂಲೆಯಲ್ಲಿ ನಿಂತದ್ದು. ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಈಗ ಪೇಟೆಯ ಸ್ಟುಡಿಯೋಗಳಲ್ಲಿ ಫೋಟೋವನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸಿ, ಮರದ ಚೌಕಟ್ಟಿಗೆ ಬಿಗಿದು ಕೊಡುತ್ತಾರೆ. ನೋಡಲು ಚಂದ. ಆದರೆ ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ಕೆಲವೊಮ್ಮೆ ಮುಖವೆಲ್ಲ ಮಸುಕಾಗಿ ಕಾಣುತ್ತದೆ. ಯಾಕೆ ಹೀಗಾಗುತ್ತದೆ? ಮುದ್ರಣಕ್ಕೆ ಕೊಡುವ ಮೊದಲೇ ಇದನ್ನು ತಿಳಿಯಬಹುದೇ? ಖಂಡಿತ ತಿಳಿಯಬಹುದು. ಬೇಕಾಗಿರೋದು ಗುಣಾಕಾರ, ಭಾಗಾಕಾರ ಅಷ್ಟೇ.

ಕ್ಯಾನ್ವಾಸ್ ಅಂದರೆ ಏನು?

ಇದು ಗಟ್ಟಿಯಾಗಿ ನೇಯ್ದ ಬಟ್ಟೆ. ಹಿಂದೆ ಸೆಣಬಿನ ಜಾತಿಯ ನಾರಿನಿಂದ ಮಾಡುತ್ತಿದ್ದರು. ಈಗ ಹೆಚ್ಚಾಗಿ ಹತ್ತಿ, ಪಾಲಿಯೆಸ್ಟರ್ ಅಥವಾ ಎರಡರ ಮಿಶ್ರಣ. ಬರೀ ಬಟ್ಟೆಯ ಮೇಲೆ ಶಾಯಿ ಬಿದ್ದರೆ ನೂಲಿನುದ್ದಕ್ಕೂ ಹರಡುತ್ತದೆ. ನಿಮ್ಮ ಅಂಗಿಯ ಮೇಲೆ ಪೆನ್ನಿನ ಶಾಯಿ ಬಿದ್ದಾಗ ಹೇಗೆ ಹಬ್ಬುತ್ತದೆ, ನೆನಪಿದೆಯಲ್ಲ? ಅದೇ ಕೇಶಾಕರ್ಷಣೆ. ಅದನ್ನು ತಡೆಯಲು ಮುದ್ರಣದ ಕ್ಯಾನ್ವಾಸಿಗೆ ಬಿಳಿಯ ಲೇಪ ಹಚ್ಚಿರುತ್ತಾರೆ. ಮುದ್ರಣಯಂತ್ರ ಚಿಮ್ಮಿಸುವ ಅತಿ ಸಣ್ಣ ಶಾಯಿಹನಿಗಳು ಆ ಲೇಪದಲ್ಲಿ ಬಿದ್ದ ಜಾಗದಲ್ಲೇ ನಿಲ್ಲುತ್ತವೆ.

ಒಂದು ಇಂಚಿಗೆ ಎಷ್ಟು ಚುಕ್ಕಿ?

ಡಿಜಿಟಲ್ ಫೋಟೋ ಅಂದರೆ ಬಣ್ಣದ ಚೌಕಗಳ ಸಾಲು. ಒಂದೊಂದು ಚೌಕವೂ ಒಂದು ಪಿಕ್ಸೆಲ್. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋದಲ್ಲಿ ಅಗಲಕ್ಕೆ ಸುಮಾರು 4000, ಎತ್ತರಕ್ಕೆ 3000 ಪಿಕ್ಸೆಲ್ ಇರುತ್ತವೆ. 4000 × 3000 = 1,20,00,000. ಅದನ್ನೇ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ. 1600 × 1200 ಆಗಿ ತಲುಪಿತು ಅಂತ ಇಟ್ಟುಕೊಳ್ಳಿ. ಒಟ್ಟು 19,20,000. ಆರರಲ್ಲಿ ಐದು ಪಾಲು ಪಿಕ್ಸೆಲ್‌ಗಳು ದಾರಿಯಲ್ಲೇ ಹೋದವು!

ಈಗ ಈ ಎರಡನ್ನೂ 16 ಇಂಚು ಅಗಲಕ್ಕೆ ಮುದ್ರಿಸಿದರೆ:

ಮೂಲ ಫೋಟೋ: 4000 ÷ 16 = ಇಂಚಿಗೆ 250 ಪಿಕ್ಸೆಲ್
ಕುಗ್ಗಿದ ಫೋಟೋ: 1600 ÷ 16 = ಇಂಚಿಗೆ 100 ಪಿಕ್ಸೆಲ್

ನಮ್ಮ ಕಣ್ಣಿಗೆ ಎಷ್ಟು ಸಾಕು?

ಆರೋಗ್ಯವಂತ ಕಣ್ಣು ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ, ಅವುಗಳ ನಡುವಿನ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟಾದರೂ ಇರಬೇಕು. ತ್ರಿಕೋನಮಿತಿಯಲ್ಲಿ ಲೆಕ್ಕ ಹಾಕಿದರೆ ಒಂದು ಸುಲಭ ಸೂತ್ರ ಸಿಗುತ್ತದೆ: ನೋಡುವ ದೂರವನ್ನು 3400ರಿಂದ ಭಾಗಿಸಿ. ಬಂದ ಉತ್ತರಕ್ಕಿಂತ ಚುಕ್ಕಿ ಸಣ್ಣದಿದ್ದರೆ ಕಣ್ಣಿಗೆ ಅದು ಬಿಡಿಯಾಗಿ ಕಾಣುವುದಿಲ್ಲ.

ಕೈಯಲ್ಲಿ ಹಿಡಿದು 30 ಸೆಂ.ಮೀ. ದೂರದಿಂದ ನೋಡಿದರೆ: 300 ಮಿ.ಮೀ. ÷ 3400 = ಸುಮಾರು 0.09 ಮಿ.ಮೀ. ಒಂದು ಇಂಚು ಅಂದರೆ 25.4 ಮಿ.ಮೀ. ಹಾಗಾಗಿ ಇಂಚಿಗೆ ಹೆಚ್ಚುಕಡಿಮೆ 300 ಪಿಕ್ಸೆಲ್ ಬೇಕು. ಗೋಡೆಯ ಚಿತ್ರವನ್ನು 1 ಮೀಟರ್ ದೂರದಿಂದ ನೋಡಿದರೆ ಸುಮಾರು 90 ಸಾಕು. 2 ಮೀಟರಿಗೆ 45 ಆದರೂ ನಡೆಯುತ್ತದೆ.

ಅಂದರೆ ಮೇಲಿನ ಕುಗ್ಗಿದ ಫೋಟೋ ಕೂಡ 16 ಇಂಚಿನ ಕ್ಯಾನ್ವಾಸಿನಲ್ಲಿ ಒಂದು ಮೀಟರ್ ದೂರದಿಂದ ಪರವಾಗಿಲ್ಲ ಅನ್ನಿಸುತ್ತದೆ. ಕ್ಯಾನ್ವಾಸಿನ ನೇಯ್ಗೆಯೂ ಸಣ್ಣಪುಟ್ಟ ಮಸುಕನ್ನು ಮುಚ್ಚುತ್ತದೆ. ಹಾಗಾದರೆ ಮುಖ ಹಾಳಾಗೋದು ಯಾವಾಗ?

ಗುಂಪಿನಿಂದ ಒಂದು ಮುಖ

ಅಜ್ಜಿಯ ವಿಷಯಕ್ಕೆ ಬರೋಣ. ಯಾರೋ ಮೊಬೈಲಿನಲ್ಲಿ ಕಳಿಸಿದ ಆ ಗುಂಪು ಫೋಟೋದ ಅಗಲ 1600 ಪಿಕ್ಸೆಲ್. ಅದರಲ್ಲಿ ಅಜ್ಜಿಯ ಮುಖದ ಅಗಲ ಬರೀ 50. ಮುಖವನ್ನು ಮಾತ್ರ ಕತ್ತರಿಸಿ 5 ಇಂಚು ಅಗಲಕ್ಕೆ ಹಿಗ್ಗಿಸಿದರೆ 50 ÷ 5 = ಇಂಚಿಗೆ 10 ಪಿಕ್ಸೆಲ್. ಒಂದೊಂದು ಚೌಕವೂ 2.54 ಮಿ.ಮೀ. ಅಗಲ! ಸೂತ್ರದ ಪ್ರಕಾರ ಅದು ಸರಿ ಕಾಣಬೇಕಾದರೆ 8 ಮೀಟರಿಗಿಂತಲೂ ದೂರ ನಿಲ್ಲಬೇಕು. ಯಾರ ಮನೆಯ ಜಗಲಿ ಅಷ್ಟು ದೊಡ್ಡದಿದೆ?

ದಾರಿ ಏನು? ಮೂಲ ಕಾಗದದ ಫೋಟೋ ಯಾರ ಬಳಿ ಇದೆ ಅಂತ ಹುಡುಕಿ. ಅದರಲ್ಲಿ ಮುಖ 1 ಸೆಂ.ಮೀ. ಅಗಲವಿದ್ದು, ಇಂಚಿಗೆ 600ರಂತೆ ಸ್ಕ್ಯಾನ್ ಮಾಡಿದರೆ 600 ÷ 2.54 = ಸುಮಾರು 236 ಪಿಕ್ಸೆಲ್ ಸಿಗುತ್ತದೆ. 5 ಇಂಚಿಗೆ ಹಿಗ್ಗಿಸಿದರೂ ಇಂಚಿಗೆ 47. ಎರಡು ಮೀಟರ್ ದೂರದಿಂದ ಅಜ್ಜಿ ಅಜ್ಜಿಯಂತೆಯೇ ಕಾಣುತ್ತಾರೆ. ಮೂಲದಲ್ಲೇ ಮುಖ ಅಲುಗಿದ್ದರೆ ಮಾತ್ರ ಸ್ಕ್ಯಾನರ್ ಏನೂ ಮಾಡಲಾಗದು.

"ಕಂಪ್ಯೂಟರಿನಲ್ಲಿ ಶಾರ್ಪ್ ಮಾಡಿ ಕೊಡ್ತೇವೆ" ಅಂತ ಹೇಳುವವರಿದ್ದಾರೆ. ಸಾಮಾನ್ಯವಾಗಿ ಹಿಗ್ಗಿಸುವಾಗ ಕಂಪ್ಯೂಟರ್ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆದು ನಡುವೆ ತುಂಬುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶವಾದರೆ, ತಾನು ಕಲಿತ ಸಾವಿರಾರು ಬೇರೆ ಮುಖಗಳನ್ನು ಆಧರಿಸಿ ಕಣ್ಣು, ಹುಬ್ಬು, ತುಟಿಗಳನ್ನು ಊಹಿಸಿ ಬರೆಯುತ್ತದೆ. ಚಿತ್ರ ಸ್ಪಷ್ಟವಾಗುತ್ತದೆ, ನಿಜ. ಆದರೆ ಆ ತುಟಿ ಅಜ್ಜಿಯದ್ದೇ ಎಂಬುದಕ್ಕೆ ಖಾತ್ರಿ ಇಲ್ಲ. ದಾಖಲಾಗದ ಮಾಹಿತಿಯನ್ನು ಯಾವ ಯಂತ್ರವೂ ಮರಳಿ ತರಲಾರದು. ಹಾಗಾಗಿ ಅಜ್ಜಿಯನ್ನು ಕಂಡವರಿಗೆ ತೋರಿಸಿ, "ಹೌದು, ಇವರೇ" ಅಂದ ಮೇಲೆಯೇ ಮುದ್ರಣಕ್ಕೆ ಕೊಡಿ.

ಅಂಚಿನ ಲೆಕ್ಕ

ಚೌಕಟ್ಟಿನ ಮರ ಒಂದೂವರೆ ಇಂಚು ದಪ್ಪವಿದ್ದರೆ, ಚಿತ್ರದ ಅಂಚು ನಾಲ್ಕೂ ಕಡೆ ಅಷ್ಟು ಮಡಚಿಕೊಳ್ಳುತ್ತದೆ. 16 × 12 ಇಂಚಿನ ಕ್ಯಾನ್ವಾಸಿಗೆ ಕನಿಷ್ಠ 19 × 15 ಇಂಚಿನ ಚಿತ್ರ ಬೇಕು. ಮೂಲೆಯಲ್ಲಿ ನಿಂತವರು ಚೌಕಟ್ಟಿನ ಪಕ್ಕಕ್ಕೆ ಸರಿದುಹೋಗುತ್ತಾರೆ, ಎಚ್ಚರ! ಅನುಪಾತವನ್ನೂ ನೋಡಿ. 4:3ರ ಫೋಟೋವನ್ನು 18 × 12 ಇಂಚಿಗೆ ಹೊಂದಿಸಿದರೆ ಎತ್ತರ 13.5 ಇಂಚು ಆಗುತ್ತದೆ. ಒಂದೂವರೆ ಇಂಚು ಕತ್ತರಿಸಲೇಬೇಕು.

ಬಣ್ಣ ಮತ್ತು ಬಾಳಿಕೆ

ಮೊಬೈಲ್ ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ತಾನೇ ಸೂಸುತ್ತದೆ. ಕ್ಯಾನ್ವಾಸ್ ಮೇಲಿನ ಶಾಯಿ ಕೋಣೆಯ ಬೆಳಕಿನಲ್ಲಿ ಒಂದು ಭಾಗವನ್ನು ಹೀರಿ, ಉಳಿದದ್ದನ್ನು ಪ್ರತಿಫಲಿಸುತ್ತದೆ. ಆದ್ದರಿಂದ ಮುದ್ರಿತ ಚಿತ್ರ ಪರದೆಗಿಂತ ತುಸು ಕಪ್ಪಾಗಿ ಕಾಣುವುದು ಸಹಜ.

ಬಿಸಿಲಿನ ನೇರಳಾತೀತ ಕಿರಣಗಳು ಬಣ್ಣದ ಅಣುಗಳನ್ನು ಒಡೆಯುತ್ತವೆ. ಕರಗುವ ಬಣ್ಣದ ಶಾಯಿ ಬೇಗ ಮಾಸುತ್ತದೆ, ಪಿಗ್ಮೆಂಟ್ ಶಾಯಿ ಹೆಚ್ಚು ಬಾಳುತ್ತದೆ. ಯಾವ ಶಾಯಿ ಅಂತ ಕೇಳಿಯೇ ಕೊಡಿ. ಸೊಲ್ಲಾಪುರ, ಆದೋನಿ ಕಡೆಯವರು ಕಿಟಕಿಯ ಬಿಸಿಲು ಬೀಳದ ಗೋಡೆ ಆರಿಸಿ. ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಹತ್ತಿ ತೇವ ಹೀರಿ ಬೂಷ್ಟು ಹಿಡಿಯಬಹುದು. ಒದ್ದೆ ಗೋಡೆ ಬೇಡ, ಹಿಂದೆ ಗಾಳಿಯಾಡಲು ಸ್ವಲ್ಪ ಜಾಗ ಬಿಡಿ.

ಮಾಡಿ ನೋಡಿ

ಬಿಳಿ ಹಾಳೆಯ ಮೇಲೆ 1 ಮಿ.ಮೀ. ಅಂತರದಲ್ಲಿ ಎರಡು ತೆಳು ಗೆರೆ ಎಳೆದು ಗೋಡೆಗೆ ಅಂಟಿಸಿ. ಹಿಂದಕ್ಕೆ ನಡೆಯುತ್ತಾ ಹೋಗಿ. ಎರಡೂ ಒಂದೇ ಗೆರೆಯಂತೆ ಕಂಡ ಕೂಡಲೇ ನಿಂತು ದೂರ ಅಳೆಯಿರಿ. 3ರಿಂದ 4 ಮೀಟರ್ ಆಸುಪಾಸು ಬಂತೇ? ಗೆಳೆಯರ ಅಳತೆಗಳನ್ನೂ ಪಟ್ಟಿ ಮಾಡಿ ಸರಾಸರಿ ತೆಗೆಯಿರಿ. ಬಹಳ ಹತ್ತಿರದಲ್ಲೇ ಗೆರೆಗಳು ಕೂಡಿಕೊಂಡವರಿಗೆ ಕಣ್ಣು ಪರೀಕ್ಷೆ ಮಾಡಿಸಲು ಹೇಳಿ.

ಅಭ್ಯಾಸ

1. 4000 × 3000 ಪಿಕ್ಸೆಲ್ ಫೋಟೋವನ್ನು 40 × 30 ಇಂಚಿಗೆ ಮುದ್ರಿಸಿದರೆ ಇಂಚಿಗೆ ಎಷ್ಟು ಪಿಕ್ಸೆಲ್? 1 ಮೀಟರ್ ದೂರದಿಂದ ನೋಡಲು ಸಾಕೇ?
2. ಶಾಲೆಯ ಹಳೆಯ ಫೋಟೋದಲ್ಲಿ ಒಬ್ಬರ ಮುಖ ಅರ್ಧ ಇಂಚು ಅಗಲವಿದೆ. ಇಂಚಿಗೆ 600ರಂತೆ ಸ್ಕ್ಯಾನ್ ಮಾಡಿ, ಮುಖವನ್ನು 3 ಇಂಚು ಅಗಲಕ್ಕೆ ಮುದ್ರಿಸಿದರೆ ಇಂಚಿಗೆ ಎಷ್ಟು?
3. ನಿಮ್ಮ ಮನೆಯಲ್ಲಿ ಒಂದೇ ಪ್ರತಿ ಇರುವ ಹಳೆಯ ಫೋಟೋಗಳು ಎಷ್ಟಿವೆ? ಅವುಗಳಲ್ಲಿರುವವರ ಹೆಸರು ಹಿರಿಯರನ್ನು ಕೇಳಿ ಬರೆದಿಡಿ. ಯಾವ ಪಿಕ್ಸೆಲಿನಲ್ಲೂ ಹೆಸರು ಇರುವುದಿಲ್ಲ.

ಉತ್ತರ: 1) 100, ಸಾಕು. 2) 100.