ಶುಶ್ರೂಷೆ

ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ಕಾಟನ್‌ಪೇಟೆಯೂ ಒಂದು. ಹತ್ತಿಯ ಹೆಸರನ್ನು ಹೊತ್ತ ಈ ಪೇಟೆಯ ಓಣಿಯೊಂದರಲ್ಲಿ ನನ್ನ ಬಾಲ್ಯ ಕಳೆಯಿತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಜ್ಜಿ ಹಾಸಿಗೆ ಹಿಡಿದರು. ವೈದ್ಯರು ತಂದೆಯವರನ್ನು ಪಕ್ಕಕ್ಕೆ ಕರೆದು, ‘ಇನ್ನು ಔಷಧದಿಂದ ಗುಣವಾಗುವಂತಿಲ್ಲ’ ಎಂದರು. ಆ ಮಾತು ನನ್ನ ಕಿವಿಗೂ ಬಿತ್ತು. ಅಂದಿನಿಂದ ನಾನು ಆ ಕೋಣೆಯ ಹೊಸ್ತಿಲನ್ನು ದಾಟಲಿಲ್ಲ. ಕಥೆ ಹೇಳಿ ನನ್ನನ್ನು ಬೆಳೆಸಿದ ಅಜ್ಜಿಯ ಬಳಿಗೆ ಹೋಗಲು ನನಗೆ ಭಯವಾಗುತ್ತಿತ್ತು.

ನಮ್ಮ ಓಣಿಯಲ್ಲಿ ಆಸ್ಪತ್ರೆಯ ದಾದಿಯೊಬ್ಬರು ವಾಸವಾಗಿದ್ದರು. ಕೆಲಸ ಮುಗಿಸಿ ಮರಳುವಾಗ ಅವರು ನಿತ್ಯವೂ ನಮ್ಮಲ್ಲಿಗೆ ಬರುತ್ತಿದ್ದರು. ಅಜ್ಜಿಯನ್ನು ಮೆಲ್ಲನೆ ಮಗ್ಗುಲು ತಿರುಗಿಸುವರು. ಬೆನ್ನನ್ನು ಒರೆಸಿ, ಹಾಸಿಗೆಯ ಸುಕ್ಕುಗಳನ್ನು ಸರಿಪಡಿಸುವರು. ಒಣಗಿದ ತುಟಿಗಳಿಗೆ ನೀರಿನಲ್ಲಿ ಅದ್ದಿದ ಹತ್ತಿಯನ್ನು ಸೋಕಿಸುವರು. ಒಂದು ಸಂಜೆ ಹೊಸ್ತಿಲಾಚೆ ನಿಂತಿದ್ದ ನನ್ನನ್ನು ಕಂಡು, ‘ಒಳಗೆ ಬಾ. ಅಜ್ಜಿ ಮಾತನಾಡಲಾರರು, ಆದರೆ ಕೇಳುತ್ತಿರಬಹುದು. ಇವತ್ತು ಶಾಲೆಯಲ್ಲಿ ಏನಾಯಿತೆಂದು ಹೇಳು’ ಎಂದರು. ನಾನು ನಡುಗುವ ದನಿಯಲ್ಲಿ ಏನೋ ಹೇಳಿದೆ. ಅಜ್ಜಿಯ ಬೆರಳುಗಳು ನನ್ನ ಕೈಯೊಳಗೆ ಕೊಂಚ ಅಲುಗಿದವು. ಮೂರನೆಯ ದಿನ ಅವರು ತೀರಿಕೊಂಡರು. ಅದಕ್ಕೆ ಮುಂಚಿನ ಹತ್ತು ದಿನಗಳನ್ನು ನಾನು ಹೆದರಿಕೆಯಿಂದ ಕಳೆದುಕೊಂಡೆನೆಂಬ ಕೊರಗು ಇಂದಿಗೂ ಉಳಿದಿದೆ.

ಮುಂದೆ ಕನ್ನಡ ಎಂ.ಎ. ಓದುವಾಗ, ‘ಶುಶ್ರೂಷೆ’ ಎಂಬ ಸಂಸ್ಕೃತ ಪದದ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’ ಎಂದು ತಿಳಿಯಿತು. ಆಗ ಆ ದಾದಿಯ ನೆನಪಾಯಿತು. ರೋಗಿಯ ಮಾತಿಗೆ, ನರಳಾಟಕ್ಕೆ, ಮೌನಕ್ಕೂ ಕಿವಿಗೊಡುವುದು ಅವರ ವೃತ್ತಿಯ ತಿರುಳು.

ರೋಗಿಯ ಬಳಿಗೆ ಹೋಗಲು ಹೆದರಿದವನು ನಾನೊಬ್ಬನೇ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಜನ ಮನೆಗಳನ್ನೇ ತೊರೆದು ಹೊರಟರು. ನಮ್ಮ ಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿರುವ ವಿಕ್ಟೋರಿಯಾ ಆಸ್ಪತ್ರೆಗೆ ಅದರ ಹಿಂದಿನ ವರ್ಷವಷ್ಟೇ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದ್ದರು. ಅದು 1900ರಲ್ಲಿ ಆರಂಭವಾಯಿತು. 2020ರಲ್ಲಿ ಕೋವಿಡ್ ಹರಡಿದಾಗ ಅದೇ ಆಸ್ಪತ್ರೆ ಆ ರೋಗಿಗಳಿಗೆ ಮೀಸಲಾಯಿತು. ಬಂಧುಗಳು ಒಳಗೆ ಹೋಗುವಂತಿಲ್ಲದ ಆ ದಿನಗಳಲ್ಲಿ, ಲೋಕದ ಅನೇಕ ಆಸ್ಪತ್ರೆಗಳ ದಾದಿಯರು ರೋಗಿಯ ಕಿವಿಯ ಬಳಿ ದೂರವಾಣಿಯನ್ನು ಹಿಡಿದು ಮನೆಯವರ ದನಿಯನ್ನು ಕೇಳಿಸಿದರು.

ತೀವ್ರ ನಿಗಾ ಘಟಕದಲ್ಲಿ ಈ ಕರ್ತವ್ಯ ಇನ್ನೂ ಕಠಿಣ. ಉಸಿರಾಟದ ಯಂತ್ರದ ನಳಿಕೆ ಗಂಟಲಿನಲ್ಲಿರುವ ರೋಗಿ ಮಾತನಾಡಲಾರ. ದಾದಿಯು ಅವನ ನಾಡಿ, ರಕ್ತದೊತ್ತಡ, ರಕ್ತದಲ್ಲಿನ ಆಮ್ಲಜನಕ ಇವುಗಳನ್ನು ಎಡೆಬಿಡದೆ ಗಮನಿಸಬೇಕು. ಹಾಸಿಗೆ ಹುಣ್ಣಾಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅವನ ಹೆಸರು ಹಿಡಿದು, ತಾನೇನು ಮಾಡುತ್ತಿರುವೆನೆಂದು ಹೇಳಿಯೇ ಮೈಮುಟ್ಟುವುದು ಒಳ್ಳೆಯ ದಾದಿಯ ಲಕ್ಷಣ.

ರೋಗ ವಾಸಿಯಾಗದೆಂದು ತಿಳಿದ ಮೇಲೂ ಮಾಡಬೇಕಾದ ಕೆಲಸ ಬಹಳವಿದೆ. ನೋವನ್ನು ತಗ್ಗಿಸಬೇಕು, ಉಸಿರಿನ ಕಷ್ಟವನ್ನು ಹಗುರಗೊಳಿಸಬೇಕು, ಸುಳ್ಳು ಭರವಸೆ ಕೊಡದೆ ಧೈರ್ಯ ಹೇಳಬೇಕು. ಇದಕ್ಕೆ ಉಪಶಾಮಕ ಆರೈಕೆ ಎಂದು ಹೆಸರು. ಮೊದಲು ದಾದಿಯಾಗಿ, ಅನಂತರ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಇಂತಹ ಆರೈಕೆಗಾಗಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ ‘ಕರುಣಾಶ್ರಯ’ವು, ಗುಣವಾಗುವ ಹಂತವನ್ನು ಮೀರಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೂ ಹಿರಿಯರು ಹಾಸಿಗೆ ಹಿಡಿಯುವ ಕಾಲ ಬರಬಹುದು. ವೈದ್ಯರೂ ದಾದಿಯರೂ ಮಾಡುವುದನ್ನು ನೀವು ಮಾಡಲಾರಿರಿ. ಆದರೆ ಹೊಸ್ತಿಲು ದಾಟಿ ಒಳಗೆ ಹೋಗಬಲ್ಲಿರಿ. ಕೈಹಿಡಿದು ಕುಳಿತು, ಆ ದಿನ ಶಾಲೆಯಲ್ಲಿ ಏನಾಯಿತೆಂದು ಹೇಳಬಲ್ಲಿರಿ.